ದಂಡ, ಡಗ್ಗಾ, ದಫ್ತರ

ಶ್ರಾವಣ ಮಾಸದ ಒಂದು ಸೋಮವಾರದ ರಾತ್ರಿ. ಬೆಟಗೇರಿಯ ಒಂದು ಗುಡಿ ಎನ್ನಿ. ಭಜನೆ ಕಳೆಗಟ್ಟಿದೆ. ಹಾಡುವವರು ಮುಖ ಮೇಲೆತ್ತಿ ಕೊನೆಯ ಸಾಲನ್ನು ತಿರುತಿರುಗಿ ಹಿಡಿದಿದ್ದಾರೆ. ಲಗ್ಗಿ ಶುರುವಾಗಿದೆ. ತಬಲಾ ಹಿಡಿದು ಕುಳಿತವರಿಗೆ ವಯಸ್ಸು ನಲವತ್ತೆಂಟು. ಹಗಲು ಒಂದು ಕಚೇರಿಯಲ್ಲಿ ಗುಮಾಸ್ತರು. ಕೈ ಇನ್ನೂ ಚುರುಕಾಗಿದೆ. ಮಂಗಳಾರತಿ ಆಗುತ್ತದೆ, ಎಲ್ಲರೂ ಏಳುತ್ತಾರೆ. ಇವರು ಮಾತ್ರ ಏಳುವುದಿಲ್ಲ. ಎರಡೂ ಕಾಲು ಜೋಮು ಹಿಡಿದಿವೆ, ಸೊಂಟ ನೆಲ ಬಿಡಲು ಒಪ್ಪುತ್ತಿಲ್ಲ. ಕೊನೆಗೆ ತಾಳ ಬಾರಿಸುತ್ತಿದ್ದ ಹುಡುಗನ ಹೆಗಲು ಹಿಡಿದು, ಇನ್ನೊಂದು ಕೈಯಿಂದ ಕಂಬ ಹಿಡಿದು ಎದ್ದು ನಿಲ್ಲುತ್ತಾರೆ.

"ವಯಸ್ಸಾತ್ರಿ ಮಾಸ್ತರ. ಮೊದ್ಲ ಬೆಳತನಾ ಬಾರಸ್ತಿದ್ದೆ," ಎನ್ನುತ್ತಾರೆ ಪೇಟಿ ನುಡಿಸುವವರಿಗೆ. ಪೇಟಿಯವರಿಗೆ ಎಪ್ಪತ್ತು. ಅವರು ಆಗಲೇ ಎದ್ದು, ಪೇಟಿಯನ್ನು ಬಟ್ಟೆಯಲ್ಲಿ ಸುತ್ತಿ, ಚಪ್ಪಲಿ ಹುಡುಕುತ್ತಿದ್ದಾರೆ.

ಈ ಗುಮಾಸ್ತರ ಹೆಸರು ಬೇಡ. ಗದಗಿನಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ, ಭಜನೆ ನಡೆಯುವ ಗುಡಿ, ಮಠಗಳಲ್ಲಿ ಕಣ್ಣಾಡಿಸಿದರೆ ಇಂಥವರು ಸಿಗುತ್ತಾರೆ. ಅವರು ವಯಸ್ಸಿನ ಮೇಲೆ ಹೊರಿಸುವ ತಪ್ಪಿನಲ್ಲಿ ಎಷ್ಟು ನಿಜವಾಗಿ ವಯಸ್ಸಿನದು, ಎಷ್ಟು ಕುರ್ಚಿಯದು ಎಂಬುದನ್ನು ಮಾತ್ರ ನೋಡಬೇಕು. ಎಪ್ಪತ್ತರ ಪೇಟಿಯವರು ಹಗಲೆಲ್ಲ ಹೊಲದಲ್ಲಿದ್ದವರು. ನಲವತ್ತೆಂಟರ ತಬಲಾದವರು ಹಗಲೆಲ್ಲ ಕುರ್ಚಿಯಲ್ಲಿದ್ದವರು.

1997ರಲ್ಲಿ ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾಯಿತು. ಅಲ್ಲಿಯವರೆಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ಧಾರವಾಡದ ದಾರಿ. ಹೊಸ ಜಿಲ್ಲೆಯೊಡನೆ ಕಚೇರಿಗಳು ಊರಿಗೇ ಬಂದವು, ಕುರ್ಚಿಗಳೂ ಬಂದವು. ಮುಂಜಾನೆ ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ, ಮುಂಡರಗಿಯಿಂದ ಗದಗಿಗೆ ಬರುವ ಬಸ್ಸುಗಳಲ್ಲಿ ಊಟದ ಡಬ್ಬಿಯ ಚೀಲ ಹಿಡಿದವರನ್ನು ಎಣಿಸಿದರೆ ಸಾಕು. ಬಸ್ಸಿನಲ್ಲಿ ಕುಳಿತು ಬರುವುದು, ಕಚೇರಿಯಲ್ಲಿ ಕುಳಿತು ಬರೆಯುವುದು, ಈಗಂತೂ ಕುಳಿತು ಕಂಪ್ಯೂಟರ್ ಒತ್ತುವುದು, ನಾಲ್ಕು ಗಂಟೆಗೆ ಮಿರ್ಚಿ-ಗಿರ್ಮಿಟ್ ತರಿಸಿ ಕುಳಿತು ತಿನ್ನುವುದು, ಮತ್ತೆ ಬಸ್ಸಿನಲ್ಲಿ ಕುಳಿತು ಹೋಗುವುದು. ಮನೆಗೆ ಬಂದು "ದಣಿವಾತು" ಎಂದು ಇನ್ನೊಮ್ಮೆ ಕೂಡುವುದು. (ಗಿರ್ಮಿಟ್‌ನ ಮೇಲೆ ಯಾರಿಗೂ ದ್ವೇಷ ಇರಬೇಕಾಗಿಲ್ಲ. ಅದನ್ನು ತರಲು ಜವಾನನನ್ನು ಕಳಿಸದೆ ತಾನೇ ಎದ್ದು ಹೋದರೆ ಅರ್ಧ ದೋಷ ಪರಿಹಾರವಾಗುತ್ತದೆ.)

ಇಷ್ಟು ಕುಳಿತವನು ರಾತ್ರಿ ಗುಡಿಯಲ್ಲಿ ಮತ್ತೆ ಕೂಡುತ್ತಾನೆ. ಆದರೆ ಆ ಕೂಡುವಿಕೆ ಬೇರೆ. ವಾದ್ಯದ ಮುಂದೆ ಕೂಡುವುದು ವಿಶ್ರಾಂತಿಯಲ್ಲ, ಅದು ದುಡಿಮೆ. ಚಕ್ಕಳಮಕ್ಕಳ ಹಾಕಿದ ಕಾಲುಗಳು ಅಲುಗಾಡುವಂತಿಲ್ಲ. ಬೆನ್ನಿಗೆ ಆಸರೆ ಇಲ್ಲ. ಮುಂಗೈ ಮತ್ತು ಬೆರಳು ಮಾತ್ರ ಓಡಬೇಕು, ಭುಜ ಸಡಿಲವಿರಬೇಕು. ಭುಜ ಬಿಗಿದರೆ ಬೋಲು ಬಿಗಿಯುತ್ತದೆ, ಲಗ್ಗಿಯಲ್ಲಿ ಕೈ ಕಲ್ಲಾಗುತ್ತದೆ. ಹಗಲೆಲ್ಲ ಕುರ್ಚಿಯಲ್ಲಿ ಮಡಚಿಕೊಂಡೇ ಇದ್ದ ತೊಡೆ ಸಂದಿನ ಸ್ನಾಯು ಬಿಗಿದಿರುತ್ತದೆ. ಹಾಗೆ ಬಿಗಿದ ದೇಹ ನೆಲದ ಮೇಲೆ ಕುಳಿತರೆ ಸೊಂಟ ಹಿಂದಕ್ಕೆ ಬೀಳುತ್ತದೆ, ಬೆನ್ನು ಬಾಗುತ್ತದೆ. ಕಾಲಿನ ನರ ಒತ್ತಿಕೊಂಡು ಜೋಮು ಹಿಡಿಯುತ್ತದೆ.

ಪೇಟಿಯ ಕಥೆ ಇನ್ನೂ ವಿಚಿತ್ರ. ಒಂದು ಕೈ ಗಾಳಿ ಹಾಕಬೇಕು, ಇನ್ನೊಂದು ಕೈ ಮನೆಗಳ ಮೇಲೆ ಓಡಬೇಕು. ಎರಡು ಕೈಗೆ ಎರಡು ಕೆಲಸ, ದೇಹ ಒಂದು ಬದಿಗೆ ವಾಲುತ್ತದೆ. ಗಂಟೆಗಟ್ಟಲೆ ಹಾಗೆ ವಾಲಿದರೆ ಬೆನ್ನು ಲೆಕ್ಕ ಕೇಳದೆ ಬಿಡುವುದಿಲ್ಲ. ಹಾಡುವವರಿಗೋ, ಪಕ್ಕೆಲುಬು ಅರಳಿ ಉಸಿರು ಹೊಟ್ಟೆಯ ತನಕ ಇಳಿಯಬೇಕು. ಫೈಲಿನ ಮೇಲೆ ಬಾಗಿ ಬಾಗಿ ಎದೆ ಗೂಡಾದವರ ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಅಂಥವರು ಮೇಲಿನ ಷಡ್ಜ ಮುಟ್ಟಲು ಕೂಗುತ್ತಾರೆ. ಕೂಗಿದ್ದು ಕೇಳುವವರಿಗೂ ತಿಳಿಯುತ್ತದೆ.

ಇನ್ನು ಕರಡಿ ಮಜಲಿನವರನ್ನು ನೋಡಬೇಕು. ಕೊರಳಿಗೆ ವಾದ್ಯ ಕಟ್ಟಿಕೊಂಡು, ಮೆರವಣಿಗೆಯ ಮುಂದೆ ನಡೆಯುತ್ತ, ನಿಲ್ಲುತ್ತ, ಬಗ್ಗುತ್ತ, ಓಣಿಯಿಂದ ಓಣಿಗೆ ಬಾರಿಸುತ್ತ ಹೋಗಬೇಕು. ಮೊಹರಂ ಬಂದರೆ ಹಳ್ಳಿಗಳಲ್ಲಿ ಹೆಜ್ಜೆ ಕುಣಿತ. ರಿವಾಯತ ಪದ ಹಾಡುತ್ತಲೇ ಹೆಜ್ಜೆ ಹಾಕಬೇಕು. ಹಾಡು ಮತ್ತು ದಮ್ಮು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಇಡಲು ಅಲ್ಲಿ ಆಗುವುದೇ ಇಲ್ಲ. ಹಳಬರಿಗೆ ಇದು ಗೊತ್ತಿತ್ತು. ಊರಿನಲ್ಲಿ ಗುಡಿಯಿದ್ದಂತೆ ಗರಡಿಮನೆಯೂ ಇರುತ್ತಿತ್ತು. ಮುಂಜಾನೆ ದಂಡ-ಬೈಠಕ್ ಹೊಡೆದ ಹುಡುಗರೇ ರಾತ್ರಿ ಭಜನೆಯಲ್ಲಿ ತಾಳ ಹಿಡಿದು ಕೂಡುವುದು ಯಾರಿಗೂ ವಿಶೇಷ ಅನ್ನಿಸುತ್ತಿರಲಿಲ್ಲ. ದೇಹಕ್ಕೆ ಬೇಕಾದ ಉಳಿದ ವ್ಯಾಯಾಮವನ್ನು ಬಾವಿಯ ಹಗ್ಗ, ಹೊಲದ ದಾರಿ, ತಲೆಯ ಮೇಲಿನ ಹೊರೆ ಪುಕ್ಕಟೆಯಾಗಿ ಕೊಡುತ್ತಿದ್ದವು.

ಭೀಮಸೇನ ಜೋಶಿಯವರ ಹೆಸರು ಹೇಳಿದರೆ ಗದಗಿನವರ ಎದೆ ಉಬ್ಬುತ್ತದೆ. ಅವರು ಹಾಡುವುದನ್ನು ಕಂಡವರು ಮೊದಲು ನೆನೆಯುವುದು ಸ್ವರವನ್ನಷ್ಟೇ ಅಲ್ಲ, ಆ ದೇಹವನ್ನು ಕೂಡ. ತಾನು ಹೊರಟರೆ ಕೈ, ಕೊರಳು, ಭುಜ, ಹುಬ್ಬು ಎಲ್ಲವೂ ಹೊರಡುತ್ತಿದ್ದವು. 1922ರಲ್ಲಿ ಹುಟ್ಟಿದ ಅವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದರು. ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆ ಕಿವಿಯಲ್ಲಿ ಕುಳಿತುಬಿಟ್ಟಿತ್ತು. ಗ್ವಾಲಿಯರ್ ಎಂದು, ಅಲ್ಲಿ ಇಲ್ಲಿ ಎಂದು ಅಲೆದು ಜಲಂಧರದವರೆಗೆ ಹೋದರು. ತಂದೆ ಗುರುರಾಜ ಜೋಶಿಯವರು ಶಿಕ್ಷಕರು. ಮಗನನ್ನು ಹುಡುಕಿ ಮನೆಗೆ ತಂದರು. ಆಮೇಲೆ ಸಿಕ್ಕ ಗುರು ಎಲ್ಲಿದ್ದರು? ಗದಗಿಗೆ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು! ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ ಬಂದವನಿಗೆ ಗುರು ಸಿಕ್ಕಿದ್ದು ನೆರೆಯ ಊರಿನಲ್ಲಿ. ಆ ಗುರುವಿನ ಮನೆಗೆ ಕೊಡ ಹೊತ್ತು ನೀರು ತಂದ ಕಥೆಯನ್ನು ಅವರ ಬಗ್ಗೆ ಬರೆದವರು ಮತ್ತೆ ಮತ್ತೆ ಹೇಳುತ್ತಾರೆ. ಅದನ್ನು ಗುರುಸೇವೆ ಎಂದು ಓದುವುದು ವಾಡಿಕೆ. ಸೇವೆ ನಿಜ. ಜೊತೆಗೆ ಹೆಗಲು, ಬೆನ್ನು, ದಮ್ಮು ಗಟ್ಟಿಯಾಗುವ ದಾರಿಯೂ ಅದಾಗಿತ್ತು ಎಂದು ಓದಿದರೆ ಗುರುವಿಗೇನೂ ಅಗೌರವವಾಗದು.

ಇಲ್ಲಿ ತಂದೆ-ತಾಯಿಗಳು ಒಂದು ಪ್ರಶ್ನೆ ಕೇಳುವುದು ನ್ಯಾಯ. "ಭೀಮಸೇನರ ಮಾತು ಬಿಡ್ರಿ. ನಮ್ಮ ಹುಡುಗ ಪಿಯುಸಿ. ತಬಲಾ ತಬಲಾ ಅಂತ ಕುಂತ್ರ ನಾಳೆ ನೌಕರಿ ಯಾರು ಕೊಡ್ತಾರ?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವವರು ಬಡತನ ಕಂಡವರಲ್ಲ. ಮನೆ ಬಿಟ್ಟು ಓಡಿದ ಹುಡುಗರೆಲ್ಲ ಭಾರತರತ್ನ ಪಡೆಯುವುದಿಲ್ಲ. ಭೀಮಸೇನರಿಗೂ ಅದು ಸಿಕ್ಕಿದ್ದು 2008ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ. ಹುಡುಗರಿಗೆ ಅವರ ಕಥೆಯನ್ನು ಹೇಳುವಾಗ ಓಡಿಹೋದ ಭಾಗವನ್ನು ರಸವತ್ತಾಗಿ ಹೇಳಿ, ನಡುವಿನ ವರ್ಷಗಳ ಸಾಧನೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುವ ಅಭ್ಯಾಸ ಒಳ್ಳೆಯದಲ್ಲ.

ಆದರೆ ಗದಗಿನ ಸಂಗೀತವೆಂದರೆ ಆ ಒಂದು ಕಥೆಯಷ್ಟೇ ಅಲ್ಲ. ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ಅಲೆಯುತ್ತ ಕಲಿಸಿದರು. ಆ ಸಂಚಾರಕ್ಕೆ ಗದಗಿನಲ್ಲಿ ನೆಲೆ ಕೊಟ್ಟ ಬಸರಿಗಿಡದ ವೀರಪ್ಪನವರು ಗವಾಯಿಗಳಲ್ಲ, ವ್ಯಾಪಾರಸ್ಥರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ಹೊತ್ತರು. 2010ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರು ಇಲ್ಲವಾಗುವವರೆಗೂ ಅದು ಅವರ ಹೆಗಲ ಮೇಲೆಯೇ ಇತ್ತು. ಅಂಧ ಮಕ್ಕಳು, ಬಡ ಮಕ್ಕಳು ಅಲ್ಲಿ ಉಂಡು, ಕಲಿತು, ಸಂಗೀತ ಶಿಕ್ಷಕರಾಗಿ, ಸಾಥಿದಾರರಾಗಿ, ಕೀರ್ತನಕಾರರಾಗಿ ಹೊರಬಂದರು. ಆ ಮಕ್ಕಳಿಗೆ ಸಂಗೀತ ಹವ್ಯಾಸವಲ್ಲ, ಅನ್ನ. ಅವರ ಕಚೇರಿ ಅದೇ. "ಸಂಗೀತದಿಂದ ಹೊಟ್ಟೆ ತುಂಬುತ್ತದೆಯೆ?" ಎಂಬ ಪ್ರಶ್ನೆಗೆ ಆ ಊರಿನಲ್ಲಿಯೇ ಒಂದು ಉತ್ತರ ಇದೆ, ಹೋಗಿ ನೋಡಬಹುದು. ಪಂಡಿತ ಬಸವರಾಜ ರಾಜಗುರು ಅಂಥವರಿಗೂ ಪಂಚಾಕ್ಷರಿ ಗವಾಯಿಗಳೇ ಗುರುಗಳು.

ಮೂರನೆಯ ದಾರಿಯೂ ಒಂದಿದೆ. ಅದರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ, ಕರ್ನಾಟಕದ ಏಕೀಕರಣಕ್ಕೆ ಗೀತೆಯೇ ಆಗಿಹೋದ ಹಾಡನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲಿ ಮಾಡುತ್ತಿದ್ದವರು. ಹಗಲು ಕಕ್ಷಿದಾರರ ಕಾಗದ, ಉಳಿದ ವೇಳೆಯಲ್ಲಿ ನಾಟಕ, ಹಾಡು. ಊರಿನ ಸಂಗೀತಕ್ಕೆ ನೀರೆರೆದವರಲ್ಲಿ ಇಂಥ ಉದ್ಯೋಗಸ್ಥರ ಸಂಖ್ಯೆ ಸಣ್ಣದಲ್ಲ. ದೊಡ್ಡ ಗವಾಯಿಗಳು ಬಂದಾಗ ಮುಂದಿನ ಸಾಲಿನಲ್ಲಿ ಕುಳಿತು ಸಮಕ್ಕೆ ತಲೆ ಹಾಕುವವರು ಯಾರು? ಮಠದ ಜಾತ್ರೆಯಲ್ಲಿ, ಗಣಪತಿ ಹಬ್ಬದಲ್ಲಿ, ಹೆಸರಿಲ್ಲದೆ ಪೇಟಿ ನುಡಿಸುವವರು ಯಾರು? ಮಾಸ್ತರರು, ಬ್ಯಾಂಕಿನವರು, ಗುಮಾಸ್ತರು, ನೇಕಾರರು, ಅಂಗಡಿಯವರು. ಈ ಜನ ಕೈಬಿಟ್ಟರೆ ಗವಾಯಿಗಳು ಉಳಿದರೂ ಕೇಳುವ ಊರು ಉಳಿಯುವುದಿಲ್ಲ. ಆಗ ಆ ಜಾಗದಲ್ಲಿ ಡಿಜೆ ಪೆಟ್ಟಿಗೆಗಳು ಬಂದು ಕೂಡುತ್ತವೆ. ಅಲ್ಲಲ್ಲಿ ಬಂದು ಕುಳಿತೂ ಇವೆ. ಅವಕ್ಕೆ ಜೋಮು ಹಿಡಿಯುವುದಿಲ್ಲ.

ಈ ಮೂರನೆಯ ದಾರಿ ಮುರಿಯುವುದು ಎಲ್ಲಿ? ಬಹಳ ಮನೆಗಳಲ್ಲಿ ಅದು ಮುರಿಯುವುದು ಅಟ್ಟದ ಮೇಲೆ. ಹತ್ತನೆಯ ತರಗತಿ ಬಂತೆಂದರೆ ತಬಲಾ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅಟ್ಟ ಏರುತ್ತದೆ. "ಪರೀಕ್ಷಾ ಮುಗೀಲಿ, ಆಮ್ಯಾಲೆ ಬಾರಸೀಯಂತ." ಅದರ ಜೊತೆಗೇ ಸಂಜೆಯ ಆಟವೂ ನಿಲ್ಲುತ್ತದೆ. ಪರೀಕ್ಷೆ ಮುಗಿಯುತ್ತದೆ, ಪಿಯುಸಿ ಬರುತ್ತದೆ. ಪಿಯುಸಿ ಆದ ಮೇಲೆ ಸಿಇಟಿ. ಆಮೇಲೆ ಊರು ಬಿಟ್ಟು ಕಾಲೇಜು, ಆಮೇಲೆ ನೌಕರಿಯ ಪರೀಕ್ಷೆಗಳು, ಆಮೇಲೆ ನೌಕರಿ. ಒಂದು ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಗಂಟು ಕೆಳಗಿಳಿಯುತ್ತದೆ. ಚರ್ಮ ಸಡಿಲಾಗಿದೆ, ಕಪ್ಪು ಶಾಯಿ ಬಿರುಕು ಬಿಟ್ಟಿದೆ, ವಾರು ಒಣಗಿದೆ. ತಬಲಾಕ್ಕೆ ಹೊಸ ಪುಡಿ ಹಾಕಿಸಬಹುದು. ಹದಿನಾರರಲ್ಲಿ ಬಿಟ್ಟ ಕೈಯನ್ನು, ಮೂವತ್ತರಲ್ಲಿ ಹೊಟ್ಟೆ ಬಂದ ದೇಹವನ್ನು ಅಷ್ಟು ಸುಲಭವಾಗಿ ರಿಪೇರಿಗೆ ಕೊಡಲು ಅಂಗಡಿ ಇಲ್ಲ.

ಬೇಡವೆನ್ನುವುದು ಓದನ್ನಲ್ಲ. ಗದಗಿನವರೇ ಆದ ಕ್ರಿಕೆಟ್ ಆಟಗಾರ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಗದಗಿಗೆ ಬಂದು ಶಾಲೆಗೆ ಹೋಗುತ್ತಿದ್ದರು. ಹೋಗುವುದೇ ಸುಮಾರು 60 ಕಿಲೋಮೀಟರ್. 1996ರಲ್ಲಿ ಭಾರತ ತಂಡಕ್ಕೆ ಬಂದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರಿನಲ್ಲಿ ಆರು ಮೇಡನ್, ಆರೇ ರನ್, ಐದು ವಿಕೆಟ್. ಆ ಅಂಕಿಗಳನ್ನು ಕ್ರಿಕೆಟ್ ಹುಚ್ಚಿನವರು ಈಗಲೂ ಹೇಳುತ್ತಾರೆ. ಹುಡುಗರು ಗಮನಿಸಬೇಕಾದದ್ದು ಆ ಐದು ವಿಕೆಟ್‌ಗಿಂತ ಬೆಳಗಿನ ಪ್ರಯಾಣವನ್ನು. ಶಾಲೆ ಬಿಡಲಿಲ್ಲ, ಆಟವನ್ನು "ಪರೀಕ್ಷೆ ಮುಗಿದ ಮೇಲೆ" ಎಂದು ಅಟ್ಟದ ಮೇಲೂ ಇಡಲಿಲ್ಲ. ಎಲ್ಲ ಮಕ್ಕಳೂ ಅಷ್ಟು ದೂರ ಓಡಾಡಬೇಕೆಂದು ಇದರ ಅರ್ಥವಲ್ಲ. ಓಣಿಯ ಕೊನೆಯ ಮೈದಾನಕ್ಕೆ ಹೋದರೂ ಸಾಕು.

ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ: 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಬಿರುಸಿನ ನಡಿಗೆಯೂ ನಡೆದೀತು. ದಿನಕ್ಕೆ ಹಂಚಿದರೆ ದೊಡ್ಡವರ ಪಾಲಿಗೆ ಇಪ್ಪತ್ತೆರಡು ನಿಮಿಷದಿಂದ ಶುರು. ಒಂದು ಸ್ಟಾಪ್ ಮೊದಲೇ ಬಸ್ಸಿಳಿದರೆ ಅರ್ಧ ಅಲ್ಲೇ ಮುಗಿಯಿತು. ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಂತು ನೀರು ಕುಡಿದರೆ ಸಾಹೇಬರೇನೂ ನೋಟೀಸು ಕೊಡುವುದಿಲ್ಲ. ರಾತ್ರಿ ವಾದ್ಯದ ಮುಂದೆ ಕೂಡುವ ಮೊದಲು ನಾಲ್ಕು ಸೂರ್ಯನಮಸ್ಕಾರ ಹಾಕಿ ಸೊಂಟ, ತೊಡೆ ಸಡಿಲಿಸಿಕೊಳ್ಳಬೇಕು. ಕುಳಿತ ಮೇಲೆ ಪೃಷ್ಠದ ಕೆಳಗೆ ಮಡಚಿದ ಕಂಬಳಿ ಇಟ್ಟು ಮಂಡಿಗಿಂತ ಸೊಂಟ ತುಸು ಎತ್ತರವಿರುವಂತೆ ನೋಡಿಕೊಂಡರೆ ಬೆನ್ನು ನೆಟ್ಟಗಾಗುತ್ತದೆ, ಜೋಮು ತಡವಾಗಿ ಬರುತ್ತದೆ. ಹಾಡಿನಿಂದ ಹಾಡಿಗೆ ನಡುವೆ ಕಾಲು ಚಾಚಿದರೆ ದೇವರು ಕೋಪಿಸಿಕೊಳ್ಳುವುದಿಲ್ಲ. ದೇವರ ಕಡೆಗೆ ಚಾಚದಿದ್ದರಾಯಿತು.

ವಿದ್ಯಾರ್ಥಿಗೆ ದಿನಕ್ಕೆ ಇಪ್ಪತ್ತೈದು ನಿಮಿಷ ರಿಯಾಜು ಸಾಕು, ಆದರೆ ದಿನಾಲೂ. ಪರೀಕ್ಷೆಯ ತಿಂಗಳಲ್ಲಿ ಅದನ್ನು ಹತ್ತಕ್ಕೆ ಇಳಿಸಿ, ಸೊನ್ನೆಗೆ ಇಳಿಸಬೇಡಿ. ವಾರಕ್ಕೊಮ್ಮೆ ಹತ್ತು ಜನರ ಮುಂದೆ ಬಾರಿಸಲು ಬಿಡಿ. ಮನೆಯಲ್ಲಿ ಎಷ್ಟೇ ಚೆನ್ನಾಗಿ ಬಾರಿಸಿದರೂ ಜನರ ಮುಂದೆ ಕೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸಮ ತಪ್ಪುತ್ತದೆ. ಮೊಬೈಲಿನ ಹಾಡಾದರೆ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ಭಜನೆಯಲ್ಲಿ ಹಾಡುವವರು ನಿಲ್ಲುವುದಿಲ್ಲ. ತಪ್ಪಿದ ಹುಡುಗ ಅಳುತ್ತ ಕೂಡುವಂತಿಲ್ಲ, ಕ್ಷಮೆ ಕೇಳುವಂತಿಲ್ಲ. ಕಿವಿ ತೆರೆದು ಠೇಕಾ ಹಿಡಿದು ಮುಂದಿನ ಆವರ್ತನದಲ್ಲಿ ಸಮಕ್ಕೆ ಬಂದು ಬೀಳಬೇಕು. ಹಾಗೆ ಬಂದು ಬಿದ್ದಾಗ ಪೇಟಿಯ ಅಜ್ಜ ಒಮ್ಮೆ ತಲೆಯಾಡಿಸುತ್ತಾರೆ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಹುಡುಗ ಮಾತ್ರ ಅದನ್ನು ಬಹಳ ವರ್ಷ ನೆನಪಿಡುತ್ತಾನೆ.

ಮತ್ತೆ ಬೆಟಗೇರಿಯ ಗುಮಾಸ್ತರ ಮನೆಗೆ. ಶ್ರಾವಣ ಮುಗಿದು ಎರಡು ತಿಂಗಳಾಗಿದೆ ಎನ್ನಿ. ಆ ರಾತ್ರಿ ಕಂಬ ಹಿಡಿದು ಎದ್ದದ್ದು ಅವರಿಗೆ ಮರೆತಿಲ್ಲ. ತಾಳದ ಹುಡುಗ ಬೇರೆ ಯಾರೂ ಅಲ್ಲ, ಅವರ ಮಗನೇ. ಈ ವರ್ಷ ಪಿಯುಸಿ ಎರಡನೆಯ ವರ್ಷ. ತಬಲಾ ಅಟ್ಟ ಏರುವ ಮಾತು ಮನೆಯಲ್ಲಿ ಬಂದಿತ್ತು. ಅವ್ವ ಒಂದು ಒಪ್ಪಂದ ಮಾಡಿಸಿದ್ದಾಳೆ: ಐದೂವರೆಗೆ ಅಪ್ಪ-ಮಗ ಇಬ್ಬರೂ ಎದ್ದು ಅರ್ಧ ತಾಸು ತಿರುಗಾಡಿ ಬರಬೇಕು. ಬಂದ ಮೇಲೆ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ತಬಲಾ. ಆಮೇಲೆ ಮಗನಿಗೆ ಭೌತಶಾಸ್ತ್ರ, ಅಪ್ಪನಿಗೆ ಬಸ್ಸು. ತೊಂದರೆ ಒಂದೇ. ಮನೆಯಲ್ಲಿರುವುದು ಒಂದೇ ಜೋಡಿ ತಬಲಾ.

"ಅಪ್ಪಾ, ನಿಮ್ಮ ಟೈಮ್ ಮುಗೀತ್ರಿ. ಏಳ್ರಿ."

"ತಡಿಯೋ ತಮ್ಮಾ. ಇನ್ನೊಂದ ಆವರ್ತನ."

"ನಿನ್ನೇನೂ ಹಂಗ ಅಂದ್ರಿ," ಎನ್ನುತ್ತಾನೆ ಹುಡುಗ, ಬಾಗಿಲಿಗೆ ಒರಗಿ, ಗಡಿಯಾರ ನೋಡುತ್ತ.

ಒಳಗಿನಿಂದ ಅವ್ವನ ದನಿ: "ಇಬ್ರೂ ಹೊತ್ತು ಮಾಡ್ರಿ. ಬಸ್ಸು ನಿಮ್ಮ ತಿಹಾಯಿ ಮುಗಿಯೂಮಟಾ ನಿಲ್ಲತೈತೇನು?"

ಗುಮಾಸ್ತರು ತಿಹಾಯಿ ಮುಗಿಸಿ, ಎರಡೂ ಕೈ ನೆಲಕ್ಕೂರದೆ ಎದ್ದು ನಿಲ್ಲುತ್ತಾರೆ. ಮಗ ಅದನ್ನು ಗಮನಿಸಿದನೋ ಇಲ್ಲವೋ, ಆಗಲೇ ಕುಳಿತು ಡಗ್ಗಾ ಎಳೆದುಕೊಂಡಿದ್ದಾನೆ.